ಬೀಗವಿಲ್ಲದ ಕಂಪ್ಯೂಟರ್ ಕೋಣೆ

ಕೆಟ್ಟುಹೋಯಿತೆಂದು ಕಚೇರಿಗಳು ಕಂಪ್ಯೂಟರನ್ನು ಮೂಲೆಗೆ ಹಾಕುವುದು ಅಪರೂಪ. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಬೆಂಬಲವನ್ನು, ಅಂದರೆ ಭದ್ರತಾ ತೇಪೆ ಕೊಡುವುದನ್ನು, ನಿಲ್ಲಿಸಿದ ಮೇಲೆ ನಮ್ಮ ಗದಗ-ಬೆಟಗೇರಿಯ ಎಷ್ಟೋ ಕಚೇರಿಗಳ ಹಿಂದಿನ ಕೋಣೆಗಳಲ್ಲಿ, ನಿನ್ನೆಯವರೆಗೆ ಚೆನ್ನಾಗಿ ಓಡುತ್ತಿದ್ದ ಯಂತ್ರಗಳು ಧೂಳು ತಿನ್ನುತ್ತ ಕುಳಿತಿದ್ದವು. ಪಾಲಿಟೆಕ್ನಿಕ್ ಒಂದರಲ್ಲಿ ಪ್ರಯೋಗಾಲಯ ಬೋಧಕನಾಗಿದ್ದು ನಿವೃತ್ತನಾದವನು ನಾನು. ಕೊರೋನಾ ಗದ್ದಲ ಅಡಗಿದ ಮರುವರ್ಷ, ಪರಿಚಯದ ಸಂಘವೊಂದರ ಕಾರ್ಯದರ್ಶಿ 'ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾನೆ, ನಿಮಗೆ ಬೇಕಿದ್ದರೆ ಒಯ್ಯಿರಿ' ಎಂದರು. ಒಂದು ಟಂಟಂ ಗೊತ್ತುಮಾಡಿಕೊಂಡು ಹೋದೆ.

ತಂದು ಇಳಿಸಿದ್ದು ಬೆಟಗೇರಿಯ ಓಣಿಯೊಂದರ ಸಮುದಾಯ ಭವನದಲ್ಲಿ. ಆ ಓಣಿಯಲ್ಲಿ ನೇಕಾರರಿದ್ದಾರೆ, ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರಿದ್ದಾರೆ, ಪೌರಕಾರ್ಮಿಕರಿದ್ದಾರೆ, ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಗೋವಾಕ್ಕೋ ಮಂಗಳೂರಿಗೋ ಕಟ್ಟಡ ಕೆಲಸಕ್ಕೆ ಹೋಗುವವರಿದ್ದಾರೆ. ನಮಗೆ ಸಿಕ್ಕಿದ್ದು ಭವನದ ಹಿಂದಿನ ಕೋಣೆ, ಮದುವೆಯ ದಿನ ಅಡುಗೆ ಪಾತ್ರೆ ಇಡುವ ಜಾಗ. ಲಗ್ನದ ಸೀಜನ್ನಿನಲ್ಲಿ ಈಗಲೂ ಕೊಪ್ಪರಿಗೆಗಳೊಂದಿಗೆ ಜಾಗ ಹಂಚಿಕೊಳ್ಳುತ್ತೇವೆ.

ಈ ಮಕ್ಕಳ ಶಾಲೆಯಲ್ಲೂ ಕಂಪ್ಯೂಟರ್ ಕೋಣೆಯೊಂದಿತ್ತು. ಪ್ಲಾಸ್ಟಿಕ್ ಹೊದಿಕೆ, ಕಬ್ಬಿಣದ ಬಾಗಿಲು, ದೊಡ್ಡ ಬೀಗ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಆ ಕೋಣೆಯನ್ನು ಕಿಟಕಿಯಿಂದ ಮಾತ್ರ ನೋಡಿದ್ದ. ಬೀಗ ಹಾಕಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ಒಂದು ಮೌಸ್ ಕಳೆದರೂ ಲೆಕ್ಕಪರಿಶೋಧನೆಯಲ್ಲಿ ಉತ್ತರಿಸಬೇಕಾದವರು ಅವರು, ತಂತ್ರಾಂಶ ಕೆಟ್ಟರೆ ಮತ್ತೆ ಹಾಕಿಸಲು ಗುತ್ತಿಗೆಯವನ ದಾರಿ ಕಾಯಬೇಕಾದವರೂ ಅವರೇ. ನಮ್ಮ ಗುಜರಿ ಯಂತ್ರಗಳಿಗೆ ಆ ಚಿಂತೆ ಇರಲಿಲ್ಲ. ಮಕ್ಕಳು ಧೈರ್ಯವಾಗಿ ಕೆಡಿಸಬಹುದಾದ, ಕೆಡಿಸಿದ ಅರ್ಧ ಗಂಟೆಯಲ್ಲಿ ತಾವೇ ನೆಟ್ಟಗೆ ಮಾಡಬಹುದಾದ ಕಂಪ್ಯೂಟರುಗಳು ಬೇಕು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಯಾರು ಬೇಕಾದರೂ ಬಳಸಬಹುದಾದ, ಪ್ರತಿ ಮಾಡಿ ಹಂಚಬಹುದಾದ, ತಿದ್ದಬಹುದಾದ ಸ್ವತಂತ್ರ ತಂತ್ರಾಂಶಕ್ಕೆ ನಾನು ಒಲಿದದ್ದು ಈ ಕಾರಣಕ್ಕೆ. ದುಡ್ಡು ಉಳಿಯುತ್ತದೆ ಎನ್ನುವುದು ಆಮೇಲಿನ ಮಾತು.

ದಾರಿ ಹೊಸದೇನೂ ಅಲ್ಲ. ಕೇರಳದವರು ಐಟಿ ಅಟ್ ಸ್ಕೂಲ್ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ, ವಿಂಡೋಸ್ ಜಾಗದಲ್ಲಿ ಯಂತ್ರ ನಡೆಸುವ ಸ್ವತಂತ್ರ ತಂತ್ರಾಂಶವಾದ ಗ್ನು/ಲಿನಕ್ಸ್ ತಂದು ವರ್ಷಗಳೇ ಆಗಿದ್ದವು. ಬೆಂಗಳೂರಿನ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಸ್ವಯಂಸೇವಕರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ನಡೆಸಿದ್ದು, ಅಲ್ಲಿನ ಮಕ್ಕಳು ಗಿಂಪ್ ಎಂಬ ತಂತ್ರಾಂಶದಲ್ಲಿ ಚಿತ್ರ ಬರೆದದ್ದು ಕೇಳಿ ಗೊತ್ತಿತ್ತು. ನಮ್ಮ ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗೂ 2011ರಿಂದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಲಿನಕ್ಸಿನದೇ ಒಂದು ಬಗೆಯಾದ ಉಬುಂಟು ಪರಿಚಯವಾಗಿತ್ತು. ಆ ತರಬೇತಿ ಪಡೆದಿದ್ದ ವಿಜ್ಞಾನದ ಮೇಡಂ ಒಬ್ಬರು ನಮ್ಮಲ್ಲಿಗೆ ಶನಿವಾರ ಮಧ್ಯಾಹ್ನ ಬರತೊಡಗಿದರು. ಅವರು ಬರದೇ ಹೋಗಿದ್ದರೆ ಹುಡುಗಿಯರನ್ನು ಕಳಿಸಲು ಮನೆಯವರು ಒಪ್ಪುತ್ತಿರಲಿಲ್ಲ.

ಮೊದಲ ಪಾಠ ಸ್ಕ್ರೂಡ್ರೈವರ್ ಹಿಡಿದು. ತಂದ ಹದಿನೆಂಟು ಯಂತ್ರಗಳನ್ನು ಚಾಪೆಯ ಮೇಲಿಟ್ಟು ಬಿಚ್ಚಿದೆವು. ಫ್ಯಾನಿನಲ್ಲಿ ಹತ್ತಿಯಂತೆ ಮೆತ್ತಿದ್ದ ಧೂಳು ತೆಗೆದು, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಏಳಲಾರದ ಯಂತ್ರದ ಮೆಮೊರಿ ಪಟ್ಟಿಗಳನ್ನು ಏಳುವ ಯಂತ್ರಕ್ಕೆ ಹಾಕಿದೆವು. ಹನ್ನೊಂದು ಎದ್ದು ನಿಂತವು. ಎಲ್ಲವೂ ಹಳೆಯ ಕೋರ್ 2 ಡ್ಯುಯೋ ಪ್ರೊಸೆಸರ್ ಕಾಲದವು, ಎರಡು ಗಿಗಾಬೈಟ್ ಮೆಮೊರಿ. ಹಾರ್ಡ್ ಡಿಸ್ಕುಗಳಲ್ಲಿ ಅರ್ಧದಷ್ಟು ಕಟಕಟ ಎನ್ನುತ್ತಿದ್ದವು. ಸಾವಿರ ರೂಪಾಯಿ ಆಸುಪಾಸಿನ ಸಣ್ಣ ಎಸ್‌ಎಸ್‌ಡಿಗಳನ್ನು, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕುಗಳನ್ನು, ಹಳೆಯ ಶಿಷ್ಯರು ಕೊಡಿಸಿದರು. ಹಳೆಯ ಯಂತ್ರಕ್ಕೆ ಜೀವ ಬರಿಸಲು ಅದಕ್ಕಿಂತ ಒಳ್ಳೆಯ ಖರ್ಚನ್ನು ನಾನು ಕಂಡಿಲ್ಲ.

ಹಾಕಿದ್ದು ಡೆಬಿಯನ್ ಎಂಬ ಲಿನಕ್ಸ್, ಮೇಲೆ ಹಗುರವಾದ ಎಕ್ಸ್‌ಎಫ್‌ಸಿಇ ಪರದೆ. ಒಂದು ಯಂತ್ರವನ್ನು ನಮಗೆ ಬೇಕಾದಂತೆ ಹದ ಮಾಡಿ, ಕ್ಲೋನ್‌ಜಿಲ್ಲಾ ಎಂಬ ನಕಲು ತಂತ್ರಾಂಶದಿಂದ ಅದರ ಅಚ್ಚು ತೆಗೆದು ಉಳಿದವಕ್ಕೆ ಇಳಿಸಿದೆವು. ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್, ಚಿತ್ರಕ್ಕೆ ಗಿಂಪ್, ಗೆರೆ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಸಣ್ಣವರಿಗೆ ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಮತ್ತು ಆಟದ ಪಾಠಗಳ ಜಿಕಾಂಪ್ರಿ, ಇಂಟರ್ನೆಟ್ ಇಲ್ಲದೆಯೂ ಕನ್ನಡ ವಿಕಿಪೀಡಿಯ ಓದಲು ಕಿವಿಕ್ಸ್. ಪರವಾನಗಿ ಸಂಖ್ಯೆ ಕೇಳುವವರು ಯಾರೂ ಇಲ್ಲವಾದ್ದರಿಂದ ಆ ಅಚ್ಚನ್ನು ಪೆನ್‌ಡ್ರೈವಿನಲ್ಲಿಟ್ಟು ಮಕ್ಕಳ ಕೈಗೇ ಕೊಟ್ಟೆ. ಪಿಯುಸಿ ಓದುವ ಮೂವರು ಅದನ್ನು ಬಳಸುವುದನ್ನು ಬಲುಬೇಗ ಕಲಿತರು. ಅಂದಿನಿಂದ 'ಸರ್, ಹಾಳಾಯಿತು' ಎನ್ನುವ ಕೂಗು ನನ್ನ ಕಡೆ ಬರುವುದು ನಿಂತು ಅವರ ಕಡೆ ಹೋಗತೊಡಗಿತು.

ಒಂದು ವಿಚಿತ್ರ ತೊಂದರೆ ಮಾತ್ರ ನೆನಪಿಡುವಂಥದ್ದು. ಮೊಬೈಲ್ ಹಾಟ್‌ಸ್ಪಾಟ್‌ನಿಂದ ತಂತ್ರಾಂಶ ಇಳಿಸಿಕೊಳ್ಳಲು ಹೋದರೆ ಕೆಲವು ಯಂತ್ರಗಳು 'ಈ ಕಡತ ಇನ್ನೂ ಊರ್ಜಿತವಾಗಿಲ್ಲ' ಎಂಬರ್ಥದ ಸಂದೇಶ ಕೊಟ್ಟು ಸುಮ್ಮನಾಗುತ್ತಿದ್ದವು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮೂಲೆಯ ಗಡಿಯಾರ ತೋರಿಸಿ 'ಇದಕ್ಕೆ ನಾನಿನ್ನೂ ಹುಟ್ಟಿಯೇ ಇಲ್ಲ' ಎಂದಳು. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತು, ವಿದ್ಯುತ್ ಹೋದಾಗಲೆಲ್ಲ ಯಂತ್ರ ಹಳೆಯ ಕಾಲಕ್ಕೆ ಮರಳುತ್ತಿತ್ತು. ಬೆಟಗೇರಿಯಲ್ಲಿ ವಿದ್ಯುತ್ ಹೋಗುವುದಕ್ಕೆ ಬರವೇ? ಹತ್ತಾರು ರೂಪಾಯಿಯ ಬ್ಯಾಟರಿ ಹಾಕಿದೆವು, ತೊಂದರೆ ಮುಗಿಯಿತು. ಇಂಟರ್ನೆಟ್‌ನ ಭದ್ರತಾ ಪ್ರಮಾಣಪತ್ರಗಳಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ದಿನಾಂಕವಿರುತ್ತದೆ ಎನ್ನುವುದನ್ನು ಅವರಿಗೆ ಕಲಿಸಿದ್ದು ಆ ಗುಂಡಿ ಬ್ಯಾಟರಿ.

ಮಕ್ಕಳಿಗೆಲ್ಲ ಮೊಬೈಲ್ ಗೊತ್ತು, ಆದ್ದರಿಂದ ಕಂಪ್ಯೂಟರ್ ಸುಲಭ ಎಂದು ಹೇಳುವವರು ಒಮ್ಮೆ ನಮ್ಮ ಕೋಣೆಗೆ ಬಂದು ಕುಳಿತುಕೊಳ್ಳಬೇಕು. ಬೆರಳಿನಿಂದ ಪರದೆ ಒತ್ತುವುದನ್ನು ಬಿಡಿಸಲು ಕಷ್ಟವಾಗಲಿಲ್ಲ. ಬರೆದದ್ದು ಎಲ್ಲೋ ಒಂದು ಕಡೆ ಇರುತ್ತದೆ, ಅದಕ್ಕೊಂದು ಹೆಸರಿರುತ್ತದೆ, ಆ ಹೆಸರನ್ನು ನಾವೇ ಇಡಬೇಕು ಎನ್ನುವುದು ಅವರ ತಲೆಗೆ ಹೋಗಲು ವಾರಗಟ್ಟಲೆ ಬೇಕಾಯಿತು. ಮೊಬೈಲಿನಲ್ಲಿ ಫೋಟೋ ತನ್ನಷ್ಟಕ್ಕೆ ಗ್ಯಾಲರಿಗೆ ಹೋಗುತ್ತದೆ, ಹಾಡು ಹಾಡಿನ ಆ್ಯಪ್‌ನಲ್ಲಿರುತ್ತದೆ. ಕಡತ, ಫೋಲ್ಡರ್ ಎಂಬುದನ್ನು ಅವರು ಕಂಡೇ ಇರಲಿಲ್ಲ. ಟಕ್ಸ್ ಪೇಂಟ್‌ನಿಂದ ಶುರು ಮಾಡಿದ್ದು ಇದಕ್ಕೇ. ಅದು ಉಳಿಸುವಾಗ ಹೆಸರು ಕೇಳುವುದಿಲ್ಲ, ಚಿತ್ರಗಳನ್ನು ತಾನೇ ಜೋಡಿಸಿಟ್ಟು ತೋರಿಸುತ್ತದೆ. ಅದರಲ್ಲಿ ಕೈ ಕುದುರಿದ ಮೇಲೆ, 'ಈಗ ನಿನ್ನ ಚಿತ್ರ ಡಿಸ್ಕಿನಲ್ಲಿ ಎಲ್ಲಿದೆ, ಹುಡುಕು ನೋಡೋಣ' ಎಂಬ ಆಟ ಇಟ್ಟೆ. ಮನೆ, ಮನೆಯೊಳಗೆ ಕೋಣೆ, ಕೋಣೆಯಲ್ಲಿ ಟ್ರಂಕು ಎಂದು ವಿವರಿಸಲು ಹೋದರೆ, ಒಂದೇ ಕೋಣೆಯ ಮನೆಯಿಂದ ಬಂದ ಹುಡುಗ ಅರ್ಥವಾಗದೆ ನನ್ನ ಮುಖ ನೋಡಿದ. ಆ ಉದಾಹರಣೆಯನ್ನು ಅಲ್ಲಿಗೇ ಬಿಟ್ಟೆ.

ಕೆಡಿಸಿದರೇ? ಧಾರಾಳವಾಗಿ. ಒಬ್ಬ ಪರದೆಯ ಕೆಳಗಿನ ಪಟ್ಟಿಯನ್ನೇ ಅಳಿಸಿಹಾಕಿ, ಏನೂ ಇಲ್ಲದ ನೀಲಿ ಪರದೆಯ ಮುಂದೆ ಬೆವರುತ್ತ ಕುಳಿತಿದ್ದ. ಪ್ರತಿಯೊಬ್ಬರಿಗೂ ಬೇರೆ ಬೇರೆ ಬಳಕೆದಾರ ಖಾತೆ ಮಾಡಿಟ್ಟಿದ್ದರಿಂದ ಒಬ್ಬನ ಅನಾಹುತ ಇನ್ನೊಬ್ಬನನ್ನು ಮುಟ್ಟುತ್ತಿರಲಿಲ್ಲ. ಅವನ ಸಂರಚನೆಯ ಅಡಗಿದ ಫೋಲ್ಡರನ್ನು ತೋರಿಸಿ, ಬೇರೆ ಹೆಸರಿಟ್ಟು ಮತ್ತೆ ಲಾಗಿನ್ ಆಗಲು ಹೇಳಿದೆ. ಪಟ್ಟಿ ಹಿಂದಿರುಗಿತು. ಮರುದಿನ ಆತ ಬೇಕೆಂದೇ ಅಳಿಸಿ, ಇನ್ನಿಬ್ಬರಿಗೆ ಮರಳಿ ತರುವುದನ್ನು ತೋರಿಸುತ್ತಿದ್ದ. ಊರಿನ ಝೆರಾಕ್ಸ್ ಅಂಗಡಿಗಳಿಂದ ಪೆನ್‌ಡ್ರೈವಿನಲ್ಲಿ ಸವಾರಿ ಮಾಡಿ ಬರುತ್ತಿದ್ದ ವಿಂಡೋಸ್ ವೈರಸ್ಸುಗಳು ನಮ್ಮಲ್ಲಿ ಕೈಕಾಲು ಆಡಿಸಲಾರದೆ ಕಡತಗಳಾಗಿ ಬಿದ್ದಿರುತ್ತಿದ್ದವು. ಅವನ್ನು ಹೆಕ್ಕಿ ಅಳಿಸುವುದು ಹುಡುಗರಿಗೆ ಮೋಜಿನ ಕೆಲಸ.

ಇಂಕ್‌ಸ್ಕೇಪ್‌ನಿಂದ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಆಕೃತಿಯನ್ನು ಸಾಲುಸಾಲಾಗಿ ಪ್ರತಿಮಾಡುವ ಟೈಲ್ಡ್ ಕ್ಲೋನ್ ಎಂಬ ಸಲಕರಣೆ ಅದರಲ್ಲಿದೆ. ತಿರುಗಿಸಿ, ಮಗುಚಿ, ಪ್ರತಿಬಿಂಬಿಸಿ ಹರಡುವ ಹದಿನೇಳು ಬಗೆಯ ಸಮಮಿತಿಗಳಿವೆ. ನೇಕಾರರ ಮನೆಯ ಹುಡುಗಿಯೊಬ್ಬಳು ಇದನ್ನು ಕಂಡವಳೇ ಇಳಕಲ್ ಸೀರೆಯ ದಡಿ ಬಿಡಿಸಲು ಕುಳಿತಳು. ಗೋಮಿ ದಡಿ, ಚಿಕ್ಕಿ ಪರಾಸ್, ಎಲ್ಲವೂ ಒಂದು ಸಂಜೆಯಲ್ಲಿ. ಮೇಡಂ ಮೆಚ್ಚಿದರು, ನಾನೂ ಮೆಚ್ಚಿದೆ. ಮುದ್ರಿಸಿ ಮನೆಗೆ ಒಯ್ದದ್ದನ್ನು ಅವಳ ತಂದೆ ಮಾತ್ರ ಮೆಚ್ಚಲಿಲ್ಲ. ಮರುದಿನ ಆತನೇ ಭವನಕ್ಕೆ ಬಂದು ಕಾಗದ ನನ್ನ ಮುಂದಿಟ್ಟು, 'ಸರ್, ಈ ಗೆರೆ ಓರೆಯಾಗಿ ನುಣ್ಣಗೆ ಹೋಗಿದೆ. ಮಗ್ಗದಲ್ಲಿ ಎಳೆ ಓರೆಯಾಗಿ ಹೋಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇದನ್ನು ನೇಯಲು ಬರುವುದಿಲ್ಲ' ಎಂದರು.

ಅವರನ್ನು ಅಲ್ಲೇ ಕುರ್ಚಿಯಲ್ಲಿ ಕೂರಿಸಿದೆವು. ಇಂಕ್‌ಸ್ಕೇಪ್ ಮುಚ್ಚಿ ಗಿಂಪ್ ತೆರೆದು, ಕೆಲವೇ ಡಜನ್ ಪಿಕ್ಸೆಲ್ ಅಗಲದ ಪುಟ್ಟ ಚಿತ್ರ ಮಾಡಿ, ಕಣ್ಣಿಗೆ ಚೌಕ ಕಾಣುವಷ್ಟು ದೊಡ್ಡದಾಗಿಸಿದೆವು. ಒಂದು ಪಿಕ್ಸೆಲ್ ಒಂದು ಎಳೆ. ಅಪ್ಪ ಹೇಳುತ್ತ ಹೋದರು, ಮಗಳು ಪೆನ್ಸಿಲ್ ಸಲಕರಣೆಯಿಂದ ಚೌಕ ತುಂಬುತ್ತ ಹೋದಳು. 'ಇಲ್ಲಿ ಎಳೆ ಇಷ್ಟು ದೂರ ತೇಲಿದರೆ ಉಗುರಿಗೆ ಸಿಕ್ಕಿ ಕೀಳುತ್ತದೆ, ನಡುವೆ ಒಂದು ಹಿಡಿತ ಕೊಡು.' ಗ್ರಾಫ್ ಕಾಗದದಲ್ಲಿ ಪೆನ್ಸಿಲಿನಿಂದ ಬರೆದು ಅಳಿಸಿ ಬರೆದು ವರ್ಷಗಟ್ಟಲೆ ಅವರು ಮಾಡುತ್ತಿದ್ದ ಕೆಲಸವೇ ಇದು. ರದ್ದುಮಾಡುವ ಕೀಲಿ ಒತ್ತಿದಾಗ ತಪ್ಪು ಚೌಕ ಕ್ಷಣದಲ್ಲಿ ಮಾಯವಾದದ್ದನ್ನು ಕಂಡು ಅವರು ಒಮ್ಮೆ ನಕ್ಕರು. ಆ ಮೇಲೆ ಆ ಮನೆಯಿಂದ ಎರಡು ಹೊಸ ದಡಿ ವಿನ್ಯಾಸಗಳು ಮಗ್ಗ ಏರಿವೆ. ಕಂಪ್ಯೂಟರ್ ಕಲಿಸುತ್ತೇನೆಂದು ಹೋದವನು ನೇಯ್ಗೆಯ ಪಾಠ ಕೇಳಿಕೊಂಡು ಬಂದೆ. ಇನ್ನೂ ಪೂರ್ತಿ ತಿಳಿದಿಲ್ಲ.

ಕನ್ನಡ ಬೆರಳಚ್ಚಿನ ಕಥೆ ಗದಗಿನಲ್ಲಿ ಬೇರೆ ಊರುಗಳಂತಲ್ಲ. ಇದು ಮುದ್ರಣಾಲಯಗಳ ಊರು. ಪಠ್ಯಪುಸ್ತಕದ ಗೈಡು, ಕ್ಯಾಲೆಂಡರು, ಲಗ್ನಪತ್ರಿಕೆ, ಪುರಾಣದ ಕರಪತ್ರ, ಎಲ್ಲ ಇಲ್ಲಿಂದಲೇ. ಹತ್ತನೆಯ ತರಗತಿ ಮುಗಿಸಿದವರಿಗೆ ಸಿಗಬಹುದಾದ ನೆರಳಿನ ಕೆಲಸವೆಂದರೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು. ಅಲ್ಲಿ ಈಗಲೂ ಹಳೆಯ ಪೇಜ್‌ಮೇಕರ್, ಕೋರೆಲ್‌ಡ್ರಾ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತ ಬಳಸದ, ನುಡಿ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳು. ನಮ್ಮ ಮಕ್ಕಳು ಯೂನಿಕೋಡಿನಲ್ಲಿ ಬರೆದ ಕಡತವನ್ನು ಅಲ್ಲಿಗೆ ಒಯ್ದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು; ಅವರ ನುಡಿ ಕಡತವನ್ನು ನಮ್ಮಲ್ಲಿ ತೆರೆದರೆ ಕೊಂಬು ಕೊಕ್ಕೆ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಒಂದು ತಾಯಿ ನೇರವಾಗಿ ಕೇಳಿದರು: 'ನೀವು ಕಲಿಸಿದ್ದನ್ನು ಪ್ರೆಸ್ಸಿನವರು ಬೇಡ ಎಂದರೆ ನನ್ನ ಮಗ ಏನು ಮಾಡಬೇಕು?'

ನ್ಯಾಯವಾದ ಪ್ರಶ್ನೆ. ನಮ್ಮನ್ನು ಕಾಪಾಡಿದ್ದು ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ. ನುಡಿಯಲ್ಲಿರುವುದೂ ಅವರ ವಿನ್ಯಾಸವನ್ನು ಆಧರಿಸಿದ್ದೇ, ಲಿನಕ್ಸಿನಲ್ಲಿ ಐಬಸ್ ಎಂಬ ಬೆರಳಚ್ಚು ಸಲಕರಣೆಯ ಮೂಲಕ ಸಿಗುವುದೂ ಅದೇ. 'ಕೆ' ಒತ್ತಿದರೆ ಕ, 'ಎಫ್' ಒತ್ತಿದರೆ ಒತ್ತಕ್ಷರಕ್ಕೆ ಕೊಂಡಿ, 'ಕ್ಯೂ' ಒತ್ತಿದರೆ ಟ. ಕೆಳಗಿನ ಸಂಕೇತ ಏನೇ ಇರಲಿ, ಬೆರಳಿನ ನಡೆ ಒಂದೇ. ಆದ್ದರಿಂದ ಸುಲಭವೆನಿಸುವ, ಇಂಗ್ಲಿಷ್ ಕಾಗುಣಿತದಲ್ಲಿ ಕನ್ನಡ ಬರೆಯುವ ಮೊಬೈಲ್ ಅಭ್ಯಾಸವನ್ನು ನಮ್ಮ ಕೋಣೆಯಲ್ಲಿ ಬಿಡಿಸಿದೆ. ಅದಕ್ಕೆ ಮಕ್ಕಳಿಂದ ಬೈಗುಳವೂ ಸಿಕ್ಕಿತು. ಬೆರಳು ಕುದುರಿದ ಮೇಲೆ ಇಬ್ಬರು ಪ್ರೆಸ್ಸುಗಳಿಗೆ ಹೋಗಿ ಮೊದಲ ದಿನವೇ ನುಡಿಯಲ್ಲಿ ಪುಟ ಹೊಡೆದು ಕೊಟ್ಟರು. ಅವರಲ್ಲೊಬ್ಬ ನುಡಿಯಿಂದ ಯೂನಿಕೋಡಿಗೂ ಅಲ್ಲಿಂದ ಇಲ್ಲಿಗೂ ಪರಿವರ್ತಿಸುವ ಕೆಲಸವನ್ನು ತನ್ನ ಮಾಲೀಕರಿಗೆ ಕಲಿಸಿ, ಅದಕ್ಕೇ ಬೇಕಾದವನಾಗಿದ್ದಾನೆ.

ಟ್ಯಾಲಿ ಬೇಕೆಂದು ಬಂದವರಿಗೆ ನಾನು ಸುಳ್ಳು ಆಸೆ ತೋರಿಸಲಿಲ್ಲ. ಅಂಗಡಿ ಲೆಕ್ಕದ ಕೆಲಸಕ್ಕೆ ಈ ಊರಿನಲ್ಲಿ ಟ್ಯಾಲಿಯನ್ನೇ ಕೇಳುತ್ತಾರೆ. ಸ್ವತಂತ್ರ ತಂತ್ರಾಂಶದಲ್ಲಿ ಅದರ ಜಾಗ ತುಂಬುವಂಥದ್ದು ನನ್ನ ಬಳಿ ಇಲ್ಲ. ಹೋಗಿ ದುಡ್ಡು ಕೊಟ್ಟು ಕಲಿಯಿರಿ ಎಂದೆ. ವರ್ಡ್ ಇಲ್ಲವೇ ಎಂದವರಿಗೆ ಲಿಬ್ರೆಆಫೀಸ್ ರೈಟರ್ ತೋರಿಸಿದೆ, ಹೊರಗೆ ಕೊಡುವುದನ್ನೆಲ್ಲ ಪಿಡಿಎಫ್ ಮಾಡಿ ಕೊಡಿ, ಸಾಲು ಜರುಗುವ ತಂಟೆ ಇರುವುದಿಲ್ಲ ಎಂದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ವಿಡಿಯೋಗಳಲ್ಲಿ ಕನ್ನಡ ದನಿಯವೂ ಇವೆ; ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಬೇಡ. ನನ್ನ ಗಂಟಲಿಗೆ ಅವು ದೊಡ್ಡ ವಿಶ್ರಾಂತಿ.

ಲಿಬ್ರೆಆಫೀಸಿನ ಲೆಕ್ಕದ ಹಾಳೆಯಾದ ಕ್ಯಾಲ್ಕ್ ಪಾಠವನ್ನು ಅಂಕಪಟ್ಟಿಯಿಂದ ಶುರು ಮಾಡಿದ್ದೆ. ಯಾರಿಗೂ ರುಚಿಸಲಿಲ್ಲ. ಒಂದು ದಿನ ಪಿಯುಸಿ ಹುಡುಗಿ ತನ್ನ ತಾಯಿಯ ಸಾಲದ ಕಾರ್ಡು ತಂದಳು. ಮೂವತ್ತು ಸಾವಿರ ಸಾಲ, ತಿಂಗಳಿಗೆ 1,650 ರೂಪಾಯಿಯಂತೆ 24 ಕಂತು. ಸಾಲ ಕೊಟ್ಟವನು ಹೇಳಿದ ಬಡ್ಡಿ ವರ್ಷಕ್ಕೆ ಶೇಕಡಾ 16. ಅವನ ಲೆಕ್ಕ ಸರಳ: ಎರಡು ವರ್ಷಕ್ಕೆ ಬಡ್ಡಿ 9,600, ಒಟ್ಟು 39,600, ಅದನ್ನು 24ರಿಂದ ಭಾಗಿಸು. ಹುಡುಗಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. 'ನಿಮ್ಮಮ್ಮ ಪ್ರತಿ ತಿಂಗಳೂ ಅಸಲು ತೀರಿಸುತ್ತಿದ್ದಾರಲ್ಲ, ಮೂವತ್ತು ಸಾವಿರ ಎರಡು ವರ್ಷ ಪೂರ್ತಿ ಅವರ ಬಳಿ ಇತ್ತೇ?' ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಾಳೆ ತೆರೆದಳು.

ಬಾಕಿ, ಆ ತಿಂಗಳ ಬಡ್ಡಿ, ಕಂತು, ಉಳಿದ ಬಾಕಿ, ಹೀಗೆ ನಾಲ್ಕು ಕಂಬಗಳು. ಮೊದಲ ತಿಂಗಳ ಬಡ್ಡಿ 400, ಅಸಲಿಗೆ 1,250, ಉಳಿದದ್ದು 28,750. ಸೂತ್ರವನ್ನು ಕೆಳಗೆ ಎಳೆದಳು. ನಿಜವಾಗಿ ಶೇಕಡಾ 16 ಆಗಿದ್ದರೆ 21ನೆಯ ಕಂತಿಗೇ ಬಾಕಿ ಸೊನ್ನೆಗಿಂತ ಕೆಳಗೆ ಇಳಿಯಿತು. 'ಹಾಗಾದರೆ ಇನ್ನು ಮೂರು ಕಂತು ಯಾತಕ್ಕೆ?' ಎಂದು ಅವಳೇ ಕೇಳಿದಳು. ಬಡ್ಡಿಯ ಅಂಕಿಯನ್ನು ಏರಿಸುತ್ತ, 24ನೆಯ ಸಾಲಿನಲ್ಲಿ ಸೊನ್ನೆ ಬರುವ ತನಕ ನೋಡು ಎಂದೆ. ಇಪ್ಪತ್ತು, ಇಪ್ಪತ್ತೈದು, ಮೂವತ್ತು, ಮತ್ತೆ ಕೆಳಗೆ. ಆಮೇಲೆ ಅದೇ ಕೆಲಸವನ್ನು ಒಂದೇ ಏಟಿಗೆ ಮಾಡುವ ಗೋಲ್ ಸೀಕ್ ತೋರಿಸಿದೆ. ಉತ್ತರ ಶೇಕಡಾ 28ರ ಮೇಲೆ ಚೂರು.

ಆ ಹಾಳೆಯನ್ನು ಕನ್ನಡದಲ್ಲಿ ತಲೆಬರಹ ಹಾಕಿ ಮುದ್ರಿಸಿ ಮನೆಗೆ ಒಯ್ದಳು. ತಾಯಿಗೆ ಅಚ್ಚರಿಯೇನೂ ಆಗಲಿಲ್ಲವಂತೆ. 'ಬಡ್ಡಿ ಹೆಚ್ಚು ಅನ್ನುವುದು ಗೊತ್ತಿತ್ತು, ಎಷ್ಟು ಹೆಚ್ಚು ಅನ್ನುವುದು ಗೊತ್ತಿರಲಿಲ್ಲ' ಎಂದರಂತೆ. ಕಂತು ಕಟ್ಟುವುದಂತೂ ನಿಲ್ಲಲಿಲ್ಲ. ಮುಂದಿನ ವಾರ ಸ್ವಸಹಾಯ ಸಂಘದ ಹೆಂಗಸರು ತಮ್ಮ ತಮ್ಮ ಕಾರ್ಡು ಹಿಡಿದು ಭವನದ ಬಾಗಿಲಿಗೆ ಬಂದರು. ಅಂಕಪಟ್ಟಿಯಲ್ಲಿ ಆಕಳಿಸುತ್ತಿದ್ದ ಹುಡುಗರೆಲ್ಲ ಒಂದೊಂದು ಕಾರ್ಡು ಹಿಡಿದು ಕುಳಿತರು. ಸಹಕಾರಿ ಸಂಘದ ಸಾಲದ ಹಾಳೆಯನ್ನೂ ಪಕ್ಕದಲ್ಲಿಟ್ಟು ಹೋಲಿಸಿದರು. ಯಾವ ಸಾಲ ಮೊದಲು ತೀರಿಸಬೇಕು ಎಂಬ ಚರ್ಚೆ ಕಂಪ್ಯೂಟರಿಗಿಂತ ಜೋರಾಗಿ ನಡೆಯಿತು. ಕ್ಯಾಲ್ಕ್ ಕಲಿಸಲು ನಾನು ಮತ್ತೆ ಶ್ರಮಪಡಬೇಕಾಗಲಿಲ್ಲ.

2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಬೆಂಬಲವೂ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹೊಸ ತಲೆಮಾರಿನ ಪ್ರೊಸೆಸರ್ ಬೇಕು. ಅಂದರೆ ನಮ್ಮ ಕೋರ್ 2 ಡ್ಯುಯೋಗಳಿಗಿಂತ ಎಷ್ಟೋ ಬಲವಾದ ಯಂತ್ರಗಳು ಈಗ ಮೂಲೆ ಸೇರುತ್ತಿವೆ. ಈ ಸಲ ಕೇಳಿಕೊಂಡು ಹೋದವರು ಹುಡುಗರೇ. ಒಂದು ಕಚೇರಿಯವರು ಕೊಡಲು ಸಿದ್ಧರಿದ್ದರು, ಆದರೆ ಒಳಗಿರುವ ಗ್ರಾಹಕರ ಮಾಹಿತಿ ಏನಾಗುತ್ತದೋ ಎಂಬ ಅಳುಕು ಇತ್ತು. ಅದು ಇರಲೇಬೇಕಾದ ಅಳುಕು. ಪೆನ್‌ಡ್ರೈವಿನಿಂದ ಯಂತ್ರ ಏಳಿಸಿ, ಅವರ ಸಿಬ್ಬಂದಿಯ ಎದುರಿಗೇ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಅಳಿಸಿ ಕೊಡುತ್ತೇವೆ, ಪ್ರತಿ ಡಿಸ್ಕಿನ ಕ್ರಮಸಂಖ್ಯೆ ಬರೆದು ಸಹಿ ಹಾಕಿದ ಪಟ್ಟಿ ಕೊಡುತ್ತೇವೆ ಎಂದು ಮೂವರು ಪಿಯುಸಿ ಮಕ್ಕಳು ಕನ್ನಡದಲ್ಲಿ ಒಂದು ಪತ್ರ ತಯಾರಿಸಿದರು. ನನಗೆ ತೋರಿಸಿದಾಗ ಎರಡು ಕಾಗುಣಿತ ತಿದ್ದಿದೆ, ಅಷ್ಟೇ. ಎಂಟು ಯಂತ್ರ ಬಂದಿವೆ. ಎರಡರಲ್ಲಿ ವೈಫೈ ಕಾರ್ಡಿಗೆ ಬೇಕಾದ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಪುಟ್ಟ ತಂತ್ರಾಂಶ) ಸಿಗದೆ ಹುಡುಗರು ಸದ್ಯ ಅದರ ಹಿಂದೆ ಬಿದ್ದಿದ್ದಾರೆ.